ಮಗಳ ಲೇಖನಗಳ ಮೇಲೆ ನನ್ನ ಹೆಸರು

ಇಟ್ಟಮಡುವಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಜನ ಮಿಲ್ಲು ಅನ್ನುತ್ತಾರೆ. ಅದರ ಬೋರ್ಡಿನ ಮೇಲೆ ಕನ್ನಡದಲ್ಲಿ ಒಂದು ಸಲ, ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಲ, ನನ್ನ ಹೆಸರಿದೆ. ನಮ್ಮ ಕಡೆ ಗಿರಣಿಗೆ ಸಾಮಾನ್ಯವಾಗಿ ದೇವರ ಹೆಸರಿಡುತ್ತಾರೆ. ಬೋರ್ಡು ಬರೆಯಲು ಬಂದವನೂ ಬ್ರಷ್ಷು ಎತ್ತುವ ಮುಂಚೆ ಕೇಳಿದ್ದ.

"ಅಣ್ಣಾ, ಮೇಲೆ ಯಾವ್ದಾದ್ರೂ ದೇವ್ರ ಹೆಸ್ರು ಹಾಕ್ಬಿಡ್ಲಾ? ನಿಮ್ದು ಕೆಳಗೆ ಮಾಲೀಕರು ಅಂತ ಚಿಕ್ಕದಾಗಿ ಬರ್ಲಿ."

"ದೇವ್ರಿಗೆ ಒಳಗೆ ಫೋಟೋ ಹಾಕಿದ್ದೀನಿ, ದಿನಾ ಊದ್ಕಡ್ಡಿ ಹಚ್ತೀನಿ. ಬೋರ್ಡ್ ಮೇಲೆ ನಂದೇ ಬರಿ. ದಪ್ಪಕ್ಕೆ ಬರಿ," ಅಂದೆ.

ಅಹಂಕಾರ ಅಂದುಕೊಳ್ಳುವವರು ಅಂದುಕೊಳ್ಳಲಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಜಯನಗರದ ಒಂದು ಗಿರಣಿಗೆ ಕೆಲಸಕ್ಕೆ ಸೇರಿದವನು. ಅಲ್ಲಿ ನನಗೆ ಹೆಸರೇ ಇರಲಿಲ್ಲ. ಮೀಸೆ ಬಂತು, ಮದುವೆಯಾಯಿತು, ಮಗಳು ಹುಟ್ಟಿದಳು. ಡಬ್ಬ ತರಲು ಗಿರಾಕಿಗಳ ಮನೆಗೆ ಹೋದರೆ ಆಗಲೂ "ಮಿಲ್ ಹುಡ್ಗ ಬಂದಿದ್ದಾನೆ, ಗೋಧಿ ಕೊಟ್ಬಿಡು" ಎಂದೇ ಒಳಗಿನವರಿಗೆ ಕೂಗಿ ಹೇಳುತ್ತಿದ್ದರು. ಅವರು ಕೆಟ್ಟವರೇನಲ್ಲ. ಹಬ್ಬಕ್ಕೆ ಕೂರಿಸಿ ಒಬ್ಬಟ್ಟು ಹಾಕಿದ ಮನೆಗಳು ಅವು. ಹೆಸರು ಕೇಳಬೇಕು ಅನ್ನುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ನನ್ನದೇ ಗಿರಣಿ ಅಂತ ಆದ ದಿನ, ರಸ್ತೆಯ ಆ ತುದಿಯಲ್ಲಿ ನಿಂತು ಓದಬಹುದಾದಷ್ಟು ದಪ್ಪಕ್ಕೆ ಬರೆಸಿದೆ.

ಆ ಹೆಸರು ನನಗೆ ತಿಳಿಯದೆಯೇ ಇಟ್ಟಮಡು ದಾಟಿ, ಸಮುದ್ರ ದಾಟಿ ಹೋಗಿತ್ತು ಅನ್ನುವುದು ನನಗೆ ಗೊತ್ತಾಗಿದ್ದು ತೀರಾ ಈಚೆಗೆ. ಅದನ್ನು ಹೊತ್ತುಕೊಂಡು ಹೋದವಳು ನನ್ನ ಮಗಳು.

ಒಬ್ಬಳೇ ಮಗಳು. ಜನರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಹೆಸರಿನ ಮುಂದೆ ಡಾಕ್ಟರ್ ಅಂತ ಇದೆ, ಆದರೆ ಇಂಜೆಕ್ಷನ್ ಕೊಡುವ ಡಾಕ್ಟರಲ್ಲ. ಇದನ್ನು ನಮ್ಮ ಗಿರಾಕಿಗಳಿಗೆ ಅರ್ಥ ಮಾಡಿಸಲು ನನಗೆ ಇವತ್ತಿಗೂ ಆಗಿಲ್ಲ. "ನಿಮ್ಮ ಮಗ್ಳು ಡಾಕ್ಟ್ರಂತಲ್ಲ, ಮಂಡಿ ನೋವಿಗೆ ಏನ್ ಹಚ್ಬೇಕು ಅಂತ ಕೇಳ್ರಿ" ಅನ್ನುತ್ತಾರೆ. ನಾನೂ ಒಂದೆರಡು ಸಲ ಫೋನು ಮಾಡಿ ಕೇಳಿದೆ. "ಅಪ್ಪಾ, ಒಬ್ಬರ ಮಂಡಿ ನೋಡೋದು ನನ್ನ ಕೆಲ್ಸ ಅಲ್ಲ. ಒಂದು ಊರಿಗೇ ಮಂಡಿ ನೋವು ಯಾಕ್ ಬಂತು ಅಂತ ನೋಡೋದು ನನ್ನ ಕೆಲ್ಸ," ಅಂದಳು. ಗಿರಾಕಿಗೆ ಹೋಗಿ ಬಿಸಿನೀರಿನ ಶಾಖ ಕೊಡಿ ಅಂತ ನಾನೇ ಹೇಳಿ ಕಳಿಸಿದೆ.

ಅವಳ ಮೊದಲನೇ ಲೇಖನ ನನ್ನಂಥವರ ಮೇಲೆಯೇ. ಗಿರಣಿಯಲ್ಲಿ ದಿನವಿಡೀ ಹಿಟ್ಟಿನ ದೂಳಿನಲ್ಲಿ ನಿಲ್ಲುವವರ ಕೆಮ್ಮು, ಉಸಿರು. ಅವಳು ಓದುತ್ತಿದ್ದಾಗ ಉಸಿರಿನ ಬಲ ಅಳೆಯುವ ಒಂದು ಕೊಳವೆ ತಂದು ನನ್ನ ಬಾಯಿಗಿಟ್ಟು, "ಊದಪ್ಪ, ಊದು, ಇನ್ನೂ ಊದು, ಬಿಡ್ಬೇಡ, ಊದು ಊದು" ಅಂತ ಕೂಗಿದ್ದು ಬೀದಿಗೆಲ್ಲ ಕೇಳಿಸಿತ್ತು. ಆಮೇಲೆ ಸುತ್ತಮುತ್ತಲಿನ ಗಿರಣಿಯವರನ್ನೆಲ್ಲ ಹುಡುಕಿಕೊಂಡು ಹೋಗಿ ಊದಿಸಿದಳು. ಅವತ್ತಿನಿಂದ ನಾನು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಕಟ್ಟಿಕೊಳ್ಳದಿದ್ದರೆ ಬೈಯುತ್ತಾಳೆ.

ಅವಳಿಗೆ ದೊಡ್ಡ ಹೆಸರು ತಂದ ಲೇಖನ ಬೇರೆ. ಅದರ ಹುಟ್ಟೂ ನಮ್ಮ ಗಿರಣಿಯ ಬೆಂಚಿನ ಮೇಲೆಯೇ ಆಯಿತು ಅನ್ನಬೇಕು. ಹಿಟ್ಟಿಗೆ ಕಾಯುತ್ತ ಕೂತ ಹೆಂಗಸರು ಮಾತಾಡುವುದನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. "ಬಿಪಿ ಮಾತ್ರೆ ನಿಲ್ಸ್ಬಿಟ್ಟೆ ಕಣೇ, ಚೆನ್ನಾಗೇ ಇದ್ದೀನಲ್ಲ." "ನಾನೂ ಅಷ್ಟೇ, ದಿನಾ ತಿಂದ್ರೆ ಅಭ್ಯಾಸ ಆಗ್ಬಿಡುತ್ತಂತೆ." ಈ ಮಾತು ಹಿಡಿದುಕೊಂಡು ಅವಳು ಮನೆ ಮನೆ ಸುತ್ತಿದಳು. ಜನ ಮಾತ್ರೆಯನ್ನು ನಡುವೆ ಯಾಕೆ ಬಿಡುತ್ತಾರೆ, ಬಿಟ್ಟಾಗ ಮನಸ್ಸಿನಲ್ಲಿ ಏನಿರುತ್ತದೆ ಅನ್ನುವುದನ್ನು ಅವರ ಬಾಯಿಂದಲೇ ಕೇಳಿ ಬರೆದಳು. ಅದನ್ನು ಬೇರೆ ಬೇರೆ ದೇಶದವರು ಓದಿದರಂತೆ. ನಾನು ಓದಲಿಲ್ಲ, ಇಂಗ್ಲಿಷು ನನಗೆ ಬೋರ್ಡು ಓದುವಷ್ಟು ಮಾತ್ರ ಬರುತ್ತದೆ. ಬರೆದ ಮೇಲೆ ನನ್ನ ಬಿಪಿ ಮಾತ್ರೆಯ ಡಬ್ಬಿಯನ್ನು ಅವಳು ಬಂದಾಗಲೆಲ್ಲ ತೆಗೆದು ನೋಡುತ್ತಾಳೆ. ನನಗೆ ಅದೊಂದೇ ಸೈಡ್ ಎಫೆಕ್ಟು.

ಒಂದು ಶನಿವಾರ ಮಧ್ಯಾಹ್ನ ಹೊರದೇಶದಿಂದ ಬಂದಿದ್ದ ಒಬ್ಬ ಸಂಶೋಧಕರನ್ನು ಮಗಳು ನಮ್ಮ ಮನೆಗೆ ಊಟಕ್ಕೆ ಕರೆದಿದ್ದಳು. ಇಬ್ಬರಿಗೂ ಬರೀ ಪತ್ರದ ಪರಿಚಯ, ಮುಖ ನೋಡಿರಲಿಲ್ಲ. ಅವರಿಗೆ ರಾಗಿ ಮುದ್ದೆ ತಿನ್ನಬೇಕು ಅಂತ ಆಸೆ. ಇವಳು ಬಿಟಿಎಂ ಲೇಔಟಿನ ತನ್ನ ಮನೆಯಿಂದ ಬರುತ್ತಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಳು. ಅವರ ಕಾರು ಮೊದಲೇ ಬಂದು, ಇವಳು ಗುರುತು ಹೇಳಿದ್ದ ನಮ್ಮ ಗಿರಣಿಯ ಮುಂದೆ ನಿಂತಿತು. ನಾನು ಯಾರದೋ ಅಕ್ಕಿ ಬೀಸುತ್ತಿದ್ದೆ. ತಲೆಯಿಂದ ಕಾಲಿನವರೆಗೆ ಹಿಟ್ಟು ಕೂತು ನಾನು ಬಿಳಿ. ಬಂದವರು ಎತ್ತರದ ಮನುಷ್ಯ, ಕೆಂಪು ಮುಖ. ಕಾರಿನಿಂದ ಇಳಿದು ಬೋರ್ಡನ್ನು ತಲೆಯೆತ್ತಿ ಓದಿದರು. ಮುಖ ಅರಳಿತು. ನೇರ ಒಳಗೆ ಬಂದು, ಡಾಕ್ಟರ್ ಅಂತ ಸೇರಿಸಿ ನನ್ನ ಹೆಸರು ಹೇಳಿದರು.

ನಾನು ಮಿಷಿನ್ನು ನಿಲ್ಲಿಸಿ, "ಎಸ್ ಸಾರ್," ಅಂದೆ. ಮತ್ತೇನನ್ನಲಿ? ಹೆಸರು ನನ್ನದೇ.

ಅವರು ಕೈ ಚಾಚಿದರು. ಕೊಟ್ಟೆ. ಅವರ ಕೈಯೂ ಬಿಳಿಯಾಯಿತು. ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಸಂತೋಷದಿಂದ ಹೇಳುತ್ತಿದ್ದಾರೆ ಅನ್ನುವುದಷ್ಟೇ ನನಗೆ ತಿಳಿಯಿತು. ನಾನೂ ಸಂತೋಷದಿಂದ ತಲೆಯಾಡಿಸಿದೆ. ಬೆಂಚಿನ ಮೇಲೆ ನಮ್ಮ ಹಳೇ ಗಿರಾಕಿ, ರಿಟೈರಾದ ಹೈಸ್ಕೂಲು ಮೇಷ್ಟ್ರು, ರಾಗಿ ಚೀಲ ಇಟ್ಟುಕೊಂಡು ಕೂತಿದ್ದರು. ಅವರು ಎದ್ದು ಬಂದು ನಡುವೆ ನಿಂತು ಇಂಗ್ಲಿಷಿನಲ್ಲಿ ಕೇಳಿ, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು.

"ರೀ, ನೀವು ಬಿಪಿ ಮಾತ್ರೆ ಮೇಲೆ ಬರ್ದಿರೋ ಲೇಖನ ಬಹಳ ಚೆನ್ನಾಗಿದ್ಯಂತೆ. ಇವರು ತಮ್ಮ ಎಲ್ಲಾ ಲೇಖನದಲ್ಲೂ ನಿಮ್ಮ ಹೆಸ್ರು ಹಾಕಿದ್ದಾರಂತೆ!"

"ನಾನೇನ್ ಬರ್ದೆ ಮೇಷ್ಟ್ರೇ?"

"ನನ್ನ ಕೇಳ್ತೀರಲ್ಲ! ನಿಮ್ಮ ಹೆಸ್ರು ಜಗತ್ತೆಲ್ಲ ಓಡಾಡ್ತಿದೆ, ನೀವಿಲ್ಲಿ ಅಕ್ಕಿ ಬೀಸ್ತಿದ್ದೀರ."

ಅಷ್ಟರಲ್ಲಿ ಮಗಳ ಸ್ಕೂಟರ್ ಬಂತು. ವಿಷಯ ತಿಳಿದು ಅವಳು ಹೆಲ್ಮೆಟ್ಟು ತೆಗೆಯದೆಯೇ ನಕ್ಕಳು. ಆ ಮನುಷ್ಯ ನನ್ನನ್ನೂ ಅವಳನ್ನೂ ಬೋರ್ಡಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆದುಕೊಂಡರು. ಮುದ್ದೆಯನ್ನು ಅಗಿದು ತಿಂದರು, ನುಂಗಬೇಕು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಅವರು ಹೋದ ಮೇಲೂ ನನ್ನ ಪಾಡು ಮುಗಿಯಲಿಲ್ಲ. ಮೇಷ್ಟ್ರು ಅವತ್ತಿನಿಂದ "ಏನ್ ಡಾಕ್ಟ್ರೇ, ರಾಗಿಗೆ ಅಪಾಯಿಂಟ್‌ಮೆಂಟ್ ಸಿಗುತ್ತಾ?" ಅನ್ನುತ್ತಲೇ ಬರುತ್ತಾರೆ.

ಸಂಜೆ ಮಗಳನ್ನು ಕೂರಿಸಿ ಕೇಳಿದೆ. ಅವಳು ಬಿಡಿಸಿ ಹೇಳಿದಳು.

ನಮ್ಮಲ್ಲಿ ಮನೆತನದ ಹೆಸರು ಅಂತ ಒಂದಿಲ್ಲ. ಮಗುವಿಗೊಂದು ಹೆಸರು, ಅದರ ಜೊತೆಗೆ ಅಪ್ಪನ ಹೆಸರಿನ ಮೊದಲಕ್ಷರ, ಅಲ್ಲಿಗೆ ಮುಗಿಯಿತು. ಮಗಳ ಮೊದಮೊದಲ ಲೇಖನಗಳು ಹಾಗೆಯೇ ಬಂದಿದ್ದವು. ಆಮೇಲೆ ಪಾಸ್‌ಪೋರ್ಟು ಮಾಡಿಸುವಾಗ ಕೊನೆಯ ಹೆಸರೇನು ಅಂತ ಕೇಳಿದ್ದಾರೆ, ಎಲ್ಲರೂ ಮಾಡುವ ಹಾಗೆ ನನ್ನ ಹೆಸರನ್ನು ಪೂರ್ತಿ ಬರೆದಿದ್ದಾಳೆ. ಹೊರದೇಶಕ್ಕೆ ಲೇಖನ ಕಳಿಸುವ ಕಡೆಯೂ ಅದೇ ಪ್ರಶ್ನೆ. ಕೊನೆಯ ಹೆಸರಿನ ಜಾಗಕ್ಕೆ ಬರೀ ಒಂದಕ್ಷರ ಕೊಟ್ಟರೆ ಕಂಪ್ಯೂಟರ್ ಒಪ್ಪುವುದಿಲ್ಲವಂತೆ. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಕೊಟ್ಟಿದ್ದಾಳೆ. ಆ ದೇಶಗಳಲ್ಲಿ ಕೊನೆಯ ಹೆಸರನ್ನೇ ಮುಂದಿಟ್ಟು ಕರೆಯುತ್ತಾರೆ. ಹಾಗಾಗಿ ಮಾತ್ರೆಯ ಲೇಖನ ಬರೆದವರು ಯಾರು ಅಂದರೆ, ನನ್ನ ಹೆಸರು ಪೂರ್ತಿ, ಅವಳದ್ದು ಒಂದಕ್ಷರ.

"ಸಭೆಲೂ ನಿನ್ನ ಹೆಸ್ರೇ ಕರೀತಾರಪ್ಪ. ಡಾಕ್ಟರ್ ಇಂಥವರು ಈಗ ಮಾತಾಡ್ತಾರೆ ಅಂತಾರೆ, ನಾನು ಎದ್ದು ಹೋಗ್ತೀನಿ," ಅಂದಳು.

"ಅವರು ತಮ್ಮ ಲೇಖನದಲ್ಲಿ ನನ್ನ ಹೆಸ್ರು ಹಾಕಿದ್ದಾರಂತಲ್ಲ, ಅದ್ಯಾಕೆ?"

"ಅದು ಸೈಟೇಶನ್ ಅಂತ. ಒಬ್ರು ಬರೆಯೋವಾಗ ಹಿಂದಿನವರು ಏನ್ ಕಂಡ್ಕೊಂಡಿದ್ರು ಅಂತ ಓದಿ, ಇಂಥವರಿಂದ ಇದನ್ನ ತಗೊಂಡೆ ಅಂತ ಹೆಸ್ರು ಹೇಳ್ಬೇಕು. ಎಷ್ಟ್ ಜನ ನಿನ್ನಿಂದ ತಗೊಂಡ್ರು ಅನ್ನೋದ್ರ ಮೇಲೆ ನಿನ್ನ ಕೆಲ್ಸದ ತೂಕ."

ಇದು ನನಗೆ ತಕ್ಷಣ ಹಿಡಿಸಿತು. ಗಿರಣಿಯ ಕಲ್ಲಿನಲ್ಲಿ ಯಾವಾಗಲೂ ಹಿಂದಿನವರದ್ದು ಒಂದೆರಡು ಹಿಡಿ ಉಳಿದಿರುತ್ತದೆ. ರಾಗಿ ಆದ ಮೇಲೆ ಗೋಧಿ ಹಾಕಿದರೆ ಮೊದಲ ಹಿಡಿ ಕಂದು ಬಣ್ಣಕ್ಕೆ ಬೀಳುತ್ತದೆ. ತಿಳಿದ ಹೆಂಗಸರು ಅದಕ್ಕೇ "ನನಗಿಂತ ಮುಂಚೆ ಏನ್ ಹಾಕಿದ್ರಿ, ಯಾರ್ದು?" ಅಂತ ಕೇಳಿಯೇ ಡಬ್ಬ ಕೊಡುತ್ತಾರೆ. ಯಾರ ಹಿಟ್ಟೂ ಪೂರ್ತಿ ಅವರದ್ದೇ ಆಗಿರುವುದಿಲ್ಲ. ಇದನ್ನು ಹೇಳಿದಾಗ ಮಗಳು, "ನಾನು ಪಾಠ ಮಾಡೋ ಕ್ಲಾಸಲ್ಲಿ ಇದನ್ನ ಹೇಳ್ಕೊಳ್ಲಾ ಅಪ್ಪಾ?" ಅಂದಳು. "ಹೇಳ್ಕೋ, ನನ್ನ ಹೆಸ್ರು ಹಾಕು," ಅಂದೆ. ಇಬ್ಬರೂ ನಕ್ಕೆವು.

ಅವತ್ತು ರಾತ್ರಿ ನನಗೆ ಬಹಳ ಚೆನ್ನಾಗಿ ನಿದ್ದೆ ಬಂತು. ಹೆಸರೇ ಇಲ್ಲದ ಮಿಲ್ ಹುಡುಗನ ಹೆಸರನ್ನು ಯಾವ್ಯಾವುದೋ ದೇಶದವರು ತಪ್ಪು ತಪ್ಪಾಗಿ ಉಚ್ಚಾರ ಮಾಡುತ್ತಿದ್ದಾರೆ. ಅದಕ್ಕಿಂತ ಏನು ಬೇಕು? ಬೆಳಿಗ್ಗೆ ಎದ್ದು ಏಣಿ ಹಾಕಿ ಬೋರ್ಡು ಒರೆಸಿದೆ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಒಂದು ಭಾನುವಾರ ಮಗಳೂ ಅಳಿಯನೂ ಬಂದರು. ಊಟ ಆಯಿತು. ಅವಳು ಅನ್ನದ ಮೇಲೆ ಮೊಸರು ಹಾಕಿಕೊಂಡು ತಿನ್ನದೆ ಕಲಸುತ್ತಲೇ ಕೂತಿದ್ದಳು. ಚಿಕ್ಕಂದಿನಲ್ಲೂ ಹಾಗೆಯೇ, ಏನೋ ಹೇಳಬೇಕಿದ್ದರೆ ಮೊಸರನ್ನದಲ್ಲೇ ಸಿಕ್ಕಿಬೀಳುತ್ತಿದ್ದಳು.

"ಅದೇನ್ ಹೇಳೇ, ಅನ್ನ ಗಂಜಿ ಆಯ್ತು," ಅಂದಳು ನನ್ನ ಹೆಂಡತಿ.

ಹೇಳಿದಳು. ಅವಳ ಸಂಸ್ಥೆಯಲ್ಲಿ ಬಡ್ತಿಗೆ ಹೆಸರು ಕೊಡುವಾಗ ಎಷ್ಟು ಲೇಖನ, ಎಷ್ಟು ಸೈಟೇಶನ್ ಅಂತ ನೋಡುತ್ತಾರೆ. ಅದನ್ನೆಲ್ಲ ಲೆಕ್ಕ ಹಾಕುವುದು ಕಂಪ್ಯೂಟರ್. ಅದರ ಕಣ್ಣಿಗೆ ನನ್ನ ಮಗಳು ಇಬ್ಬರು ಹೆಂಗಸರು: ತನ್ನ ಹೆಸರಿನಲ್ಲಿ ಹಿಟ್ಟಿನ ದೂಳಿನ ಬಗ್ಗೆ ಬರೆದವಳು ಒಬ್ಬಳು, ನನ್ನ ಹೆಸರಿನಲ್ಲಿ ಮಾತ್ರೆಯ ಬಗ್ಗೆ ಬರೆದವಳು ಇನ್ನೊಬ್ಬಳು. ಹೋದ ಸಲ ಕಮಿಟಿಯ ಮುಂದೆ ಅರ್ಧದಷ್ಟೇ ಕಂಡು, ಸಾಲದು ಅಂತ ಫೈಲು ವಾಪಸ್ ಬಂದಿತ್ತು. ನಮಗೆ ಆಗ ಹೇಳಿಯೇ ಇರಲಿಲ್ಲ. ಈಗ ಮತ್ತೆ ಈ ತಿಂಗಳ ಕೊನೆಗೆ ಕಳಿಸಬೇಕು. ಇಬ್ಬರನ್ನೂ ಒಬ್ಬಳನ್ನಾಗಿ ಮಾಡಬಹುದು. ಆದರೆ ಇನ್ನು ಮುಂದೆ ಯಾವ ಹೆಸರು ಅನ್ನುವುದನ್ನು ಒಂದೇ ಸಲ ಆರಿಸಬೇಕು, ಮುಂದಿನ ಲೇಖನವೆಲ್ಲ ಅದರಲ್ಲೇ ಬರಬೇಕು.

"ನಮ್ಮಲ್ಲೂ ಆಗುತ್ತೆ," ಅಂದೆ ನಾನು. "ಒಂದೇ ಮನೆಯವರು ಅತ್ತೆ ಹೆಸ್ರಲ್ಲಿ ಒಂದು ಡಬ್ಬ, ಸೊಸೆ ಹೆಸ್ರಲ್ಲಿ ಒಂದು ಡಬ್ಬ ಇಟ್ಟು ಹೋಗ್ತಾರೆ. ಬೇರೆ ಬೇರೆ ಮನೆ ಅಂದ್ಕೊಂಡ್ಬಿಡ್ತೀವಿ."

"ಅದೇ ಅಪ್ಪಾ."

"ಮತ್ತಿನ್ನೇನು, ಇರೋದನ್ನೇ ಇಟ್ಕೋ. ದೊಡ್ಡ ಲೇಖನ ಯಾವ ಹೆಸ್ರಲ್ಲಿದೆಯೋ ಅದೇ ಇರ್ಲಿ."

ಅವಳು ಗಂಡನ ಮುಖ ನೋಡಿದಳು. ಅಳಿಯ ತಮಾಷೆಗೆ, "ನನ್ನ ಕಡೆ ನೋಡ್ಬೇಡ ತಾಯಿ. ನನ್ನ ಹೆಸ್ರೂ ಸೇರ್ಸಿದ್ರೆ ಮೂರನೇ ಹೆಂಗಸು ಹುಟ್ಕೋತಾಳೆ," ಅಂದ. ಯಾರೂ ನಗಲಿಲ್ಲ.

"ಅಪ್ಪಾ," ಅಂದಳು ಮಗಳು, "ನಾನು ನನ್ನ ಹೆಸ್ರೇ ಮುಂದಿಡೋಣ ಅಂದ್ಕೊಂಡಿದ್ದೆ. ಕೊನೆಯ ಹೆಸ್ರಿನ ಜಾಗದಲ್ಲಿ ನಂದು, ನಿಂದು ಒಂದಕ್ಷರ, ಮೊದಲಿದ್ದ ಹಾಗೆ."

ನಾನು ಎದ್ದು ಕೈ ತೊಳೆಯಲು ಹೋದೆ. ತೊಳೆದು ಬಂದು, "ನಿನ್ನಿಷ್ಟ. ಓದಿದೋಳು ನೀನು," ಅಂದೆ. ಇಷ್ಟೇ ಅಂದದ್ದು. ಆದರೆ ಹೇಗೆ ಅಂದೆ ಅನ್ನುವುದು ನನಗೂ ಗೊತ್ತು, ಮನೆಯಲ್ಲಿದ್ದವರಿಗೂ ಗೊತ್ತಾಯಿತು. ಅವಳು ತಟ್ಟೆ ಎತ್ತುತ್ತ, "ಬಿಡಪ್ಪ, ನಿನ್ನ ಹೆಸ್ರೇ ಇರ್ಲಿ. ಈಗೇನಾಯ್ತು," ಅಂದಳು. ಸಂಜೆಯ ಕಾಫಿಗೆ ನಿಲ್ಲದೆ ಹೊರಟುಹೋದರು.

ಹೆಂಡತಿ ಪಾತ್ರೆಯ ಸದ್ದು ಜೋರು ಮಾಡಿಯೇ ತೊಳೆದಳು. ಆಮೇಲೆ ಬಾಗಿಲಲ್ಲಿ ಬಂದು ನಿಂತಳು.

"ರೀ, ಅವಳು ನಿಮ್ಮನ್ನ ಕೇಳ್ದೇನೂ ಮಾಡ್ಬಹುದಿತ್ತು. ನಿಮಗೆ ಗೊತ್ತೂ ಆಗ್ತಿರ್ಲಿಲ್ಲ."

"ನಾನೇನಂದೆ? ನಿನ್ನಿಷ್ಟ ಅಂದೆ."

"ಅಂದ್ರಿ, ಅಂದ್ರಿ. ಬೋರ್ಡ್ ಬಿದ್ಹೋಯ್ತೇನೋ ಅನ್ನೋ ಹಾಗೆ ಮುಖ ಮಾಡ್ಕೊಂಡು ಅಂದ್ರಿ."

ಮೂರು ನಾಲ್ಕು ದಿನ ನನಗೆ ಕೆಲಸದಲ್ಲಿ ಮನಸ್ಸೇ ಇರಲಿಲ್ಲ. ನನ್ನ ಹೆಸರಿನಲ್ಲಿ ಏನು ಕೊರತೆ ಅಂತ ಒಮ್ಮೆ ಅನ್ನಿಸುವುದು. ಲೇಖನ ಬರೆದದ್ದು ನಾನಲ್ಲವಲ್ಲ ಅಂತ ಇನ್ನೊಮ್ಮೆ ಅನ್ನಿಸುವುದು. ತರಿ ಮಾಡಿ ಅಂದಿದ್ದ ಒಬ್ಬರ ಜೋಳವನ್ನು ನುಣ್ಣಗೆ ಬೀಸಿಬಿಟ್ಟು ಬೈಸಿಕೊಂಡೆ. ಮೇಷ್ಟ್ರು ಬಂದು "ಏನ್ ಡಾಕ್ಟ್ರೇ" ಅಂದಾಗ, "ಹಾಗನ್ಬೇಡಿ ಮೇಷ್ಟ್ರೇ, ಇನ್ಮೇಲೆ," ಅಂದುಬಿಟ್ಟೆ. ಅವರು ಕನ್ನಡಕ ಸರಿ ಮಾಡಿಕೊಂಡು ನನ್ನನ್ನು ನೋಡಿ, ಮಾತು ಬದಲಿಸಿ, ರಾಗಿಯ ಜೊತೆಗೆ ಒಂದಿಷ್ಟು ಮೆಂತ್ಯ ಹಾಕಿದ್ದೇನೆ ಅಂದರು.

ಆ ವಾರದ ಕೊನೆಯಲ್ಲಿ ಹಿಂದಿನ ಬೀದಿಯ ಒಬ್ಬ ಹೆಂಗಸು ಅಕ್ಕಿ ತಂದರು. ವರ್ಷಗಟ್ಟಲೆಯಿಂದ ಬರುವವರು. ಅವರ ಯಜಮಾನರು ಟೈಲರ್ ಆಗಿದ್ದರು, ತೀರಿಕೊಂಡು ಬಹಳ ಕಾಲವಾಯಿತು. ನಮ್ಮಲ್ಲಿ ಡಬ್ಬದ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಯಾರದ್ದು ಅಂತ ಬರೆಯುವುದು ಪದ್ಧತಿ. ನಾನು ಎಂದಿನಂತೆ "ಟೈಲರ್ ಮನೆ" ಅಂತ ಬರೆಯಲು ಹೋದೆ. ಟೈಲರ್ ಅಂತ ಬರೆದು ಕೈ ನಿಂತಿತು. ಟೈಲರ್ ಇಲ್ಲ, ಅವರ ಹೊಲಿಗೆ ಮಿಷಿನ್ನೂ ಮಾರಿಹೋಗಿದೆ. ಈಯಮ್ಮ ಬೆಳಿಗ್ಗೆ ಎದ್ದು ಅಪಾರ್ಟ್‌ಮೆಂಟುಗಳಿಗೆ ಚಕ್ಕುಲಿ, ನಿಪ್ಪಟ್ಟು ಮಾಡಿಕೊಟ್ಟು ಇಬ್ಬರು ಮಕ್ಕಳನ್ನು ದಡ ಸೇರಿಸಿದ್ದಾರೆ. ಅವರ ಚಕ್ಕುಲಿ ಹಿಟ್ಟಿನ ಹದ ನನಗೆ ಗೊತ್ತು, ಅವರ ಹೆಸರು ಗೊತ್ತಿಲ್ಲ.

"ಅಕ್ಕಾ, ನಿಮ್ಮ ಹೆಸ್ರೇನು?" ಅಂದೆ.

ಅವರು ಸೆರಗು ಬಾಯಿಗಿಟ್ಟು ನಕ್ಕರು. "ಇಷ್ಟ್ ವರ್ಷ ಆದ್ಮೇಲೆ ಕೇಳ್ತಾ ಇದ್ದೀರಲ್ಲಣ್ಣ! ಯಾಕೆ, ರೇಷನ್ ಕಾರ್ಡ್ ಏನಾದ್ರೂ ಮಾಡಿಸ್ಕೊಡ್ತೀರಾ?"

"ಡಬ್ಬದ ಮೇಲೆ ಬರಿಯೋಕೆ."

ಹೇಳಿದರು. ಇಲ್ಲಿ ಬರೆಯುವುದಿಲ್ಲ, ಮುಚ್ಚಳದ ಮೇಲೆ ಬರೆದೆ. ಅವರು ಸ್ವಲ್ಪ ಹೊತ್ತು ಅದನ್ನು ನೋಡುತ್ತಾ ನಿಂತಿದ್ದರು. "ದಪ್ಪಕ್ಕೆ ಬರ್ದ್ರಿ," ಅಂದರು. ಹೋಗುವಾಗ ತಿರುಗಿ ಇನ್ನೊಂದು ಸಲ ನೋಡಿದರು.

ಅವರು ಆ ಕಡೆ ಹೋದರು, ನಾನು ಮಿಷಿನ್ನು ಹಾಕಲಿಲ್ಲ. ಹೊರಗೆ ಬಂದು ನನ್ನ ಬೋರ್ಡಿನ ಕೆಳಗೆ ನಿಂತೆ. ದೇವರ ಹೆಸರು ಬೇಡ ಅಂದವನು ನಾನು. ನಮ್ಮಪ್ಪನ ಹೆಸರನ್ನೂ ಹಾಕಲಿಲ್ಲ. ನಮ್ಮಪ್ಪ ಆಗ ಬದುಕಿದ್ದರು. ಗಿರಣಿಯ ಪೂಜೆಗೆ ಬಂದು, ತಲೆಯೆತ್ತಿ ಬೋರ್ಡು ನೋಡಿ, ಓದಲು ಬರದಿದ್ದುದರಿಂದ ಏನು ಬರೆದಿದೆ ಅಂತ ನನ್ನನ್ನೇ ಕೇಳಿದರು. ನನ್ನ ಹೆಸರು ಅಂದೆ. "ಹಾಗೇ ಇರ್ಬೇಕು ಮತ್ತೆ, ದುಡ್ದಿದ್ದು ನೀನು," ಅಂದರು. ಒಂದು ಗಳಿಗೆಯೂ ಯೋಚಿಸಲಿಲ್ಲ ಅವರು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ತೆಂಗಿನಕಾಯಿ ಒಡೆದರು.

ಅಂಗಡಿಗೆ ಬೀಗ ಹಾಕಿದೆ. ನಡು ಮಧ್ಯಾಹ್ನ ನನ್ನ ಗಿರಣಿ ಮುಚ್ಚಿದ್ದು ಅಪರೂಪ, ಎದುರಿನ ಹೂವಿನವಳು, "ಯಾರಿಗ್ ಏನಾಯ್ತಣ್ಣ?" ಅಂತ ಗಾಬರಿಯಾದಳು. ಹೊಸ ರಾಗಿಹಿಟ್ಟು ಒಂದು ಚೀಲದಲ್ಲಿ ಹಾಕಿಕೊಂಡು, ಬನಶಂಕರಿಗೆ ಹೋಗಿ ಬಸ್ಸು ಬದಲಿಸಿ ಬಿಟಿಎಂ ಲೇಔಟಿಗೆ ಹೋದೆ. ಮಗಳು ಅವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಬಾಗಿಲು ತೆಗೆದವಳು ನನ್ನ ತಲೆಯ ಮೇಲಿನ ಹಿಟ್ಟು ನೋಡಿ ಹೆದರಿದಳು.

"ಅಮ್ಮ ಹುಷಾರಾಗಿದ್ದಾಳಾ?"

"ನಿಮ್ಮಮ್ಮನಿಗೇನಾಗುತ್ತೆ? ಹಿಟ್ಟು ತಂದೆ."

"ಹೋದ ವಾರ ತಾನೇ ತಂದ್ಕೊಟ್ಟೆ?"

"ಇದು ಹೊಸಾ ರಾಗಿ."

ನೀರು ಕೊಟ್ಟಳು. ಕುಡಿದೆ. ಅವಳ ಕಂಪ್ಯೂಟರ್ ತೆರೆದೇ ಇತ್ತು. "ಆ ಹೆಸ್ರಿನ ಕೆಲ್ಸ ಆಯ್ತಾ?" ಅಂದೆ.

"ಇಲ್ಲ. ಮಾಡ್ತೀನಿ. ನಿನ್ನ ಹೆಸ್ರೇ ಅಂತ ಹೇಳಿದ್ನಲ್ಲಪ್ಪ, ಬೇಜಾರ್ ಮಾಡ್ಕೋಬೇಡ."

"ಬೇಡ. ನಿನ್ನ ಹೆಸ್ರು ಹಾಕು."

"ಕೋಪದಲ್ಲಿ ಹೇಳ್ತಾ ಇದ್ದೀಯಾ?"

"ಕೋಪದಲ್ಲಿ ಹೇಳೋಕೆ ಎರಡ್ ಬಸ್ ಹಿಡೀತಾರೇನೇ? ಫೋನಲ್ಲೇ ಹೇಳ್ತಿದ್ದೆ." ಮುಂದಿನ ಮಾತು ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡು ಬಂದಿದ್ದೆ. "ಜಯನಗರದಲ್ಲಿ ನಾನು ಬೀಸಿದ್ದೆಲ್ಲ ಬೇರೆಯವರ ಹೆಸ್ರಲ್ಲಿ ಹೋಯ್ತು. ನಂದು ಅಂತ ಆದಾಗ ನನ್ನ ಹೆಸ್ರು ಬರೆಸ್ದೆ. ನೀನೂ ಬರೆಸು. ಮನೆ ಮನೆ ತಿರುಗಿದ್ದು ನೀನು. ಬಿಸ್ಲಲ್ಲಿ ಚಪ್ಲಿ ಸವೆಸಿದ್ದು ನೀನು. ಸಭೆಲಿ ನಿನ್ನನ್ನ ಕರೆಯೋವಾಗ ನಿನ್ನ ಹೆಸ್ರು ಕರೀಲಿ. ನಿನಗೆ ಆ ಹೆಸ್ರಿಟ್ಟಿದ್ದು ಯಾರು? ನಾನೇ ತಾನೆ?"

ಅವಳು ಬಂದು ನನ್ನ ಪಕ್ಕ ಕೂತು, ನನ್ನ ಕೂದಲಿನಿಂದ ಹಿಟ್ಟು ಕೊಡವತೊಡಗಿದಳು, ಚಿಕ್ಕಂದಿನಲ್ಲಿ ಸಂಜೆ ಹೊತ್ತು ಮಾಡುತ್ತಿದ್ದ ಹಾಗೆ. ಕೊಡವಿದಷ್ಟೂ ಉದುರಿತು. ಅವಳ ಕಣ್ಣಲ್ಲಿ ನೀರಿತ್ತು, "ಹಿಟ್ಟು ಬಿತ್ತು," ಅಂದಳು. ನಾನೂ ಹೌದು ಅಂದೆ.

ಆಮೇಲೆ ಕಂಪ್ಯೂಟರಿನ ಮುಂದೆ ಕೂತಳು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಒಂದು ಕಡೆ ಒಂದಿಷ್ಟು ಸಾಲು, ಇನ್ನೊಂದು ಕಡೆ ಒಂದಿಷ್ಟು ಸಾಲು. ಇದು ದೂಳಿಂದು, ಇದು ಮಾತ್ರೆದು ಅಂತ ಬೆರಳಿಟ್ಟು ತೋರಿಸಿದಳು. ಏನೇನೋ ಒತ್ತಿದಳು. ಗಿರಗಿರ ಒಂದು ಚಕ್ರ ಸುತ್ತಿತು. ಇಬ್ಬರು ಹೆಂಗಸರೂ ಒಬ್ಬಳಾದರು. ಎಲ್ಲಾ ಸಾಲೂ ಒಂದರ ಕೆಳಗೊಂದು ಬಂದು ನಿಂತವು. ಮೇಲೆ ಅವಳ ಹೆಸರು, ಪೂರ್ತಿ.

"ಆಗ್ಲೇ ಅಚ್ಚಾಗಿರೋದ್ರಲ್ಲಿ ನಿನ್ನ ಹೆಸ್ರು ಹಾಗೇ ಇರುತ್ತಪ್ಪ. ಅದನ್ನ ಯಾರೂ ಬದಲಾಯ್ಸೋಕಾಗಲ್ಲ."

"ಇರ್ಲಿ ಬಿಡು, ಕಲ್ಲಲ್ಲಿ ಉಳ್ಕೊಂಡಿದ್ದು," ಅಂದೆ.

"ಇದರಿಂದ ಲೆಕ್ಕ ಎಷ್ಟಾಯ್ತು ಗೊತ್ತಾ?" ಅಂತ ಶುರು ಮಾಡಿ, ಎಚ್ ಇಂಡೆಕ್ಸ್ ಅನ್ನುವುದನ್ನು ವಿವರಿಸಿದಳು. ಹತ್ತು ಅಂತ ಬರಬೇಕಾದರೆ ಹತ್ತು ಲೇಖನವಿರಬೇಕು, ಆ ಹತ್ತರಲ್ಲಿ ಪ್ರತಿಯೊಂದನ್ನೂ ಕನಿಷ್ಠ ಹತ್ತು ಸಲ ಯಾರಾದರೂ ಬಳಸಿರಬೇಕಂತೆ. ಒಂದಕ್ಕೇ ನೂರು ಬಂದರೆ ಸಾಲದು. ಸರಿಯಾದ ಮಾತು. ನಮ್ಮಲ್ಲೂ ಒಬ್ಬನೇ ಗಿರಾಕಿ ನೂರು ಸಲ ಬಂದರೆ ಅಂಗಡಿ ನಡೆಯುವುದಿಲ್ಲ.

ಫೈಲು ಹೋಯಿತು. ಈ ಸಲ ವಾಪಸ್ ಬರಲಿಲ್ಲ. ಬಡ್ತಿ ಸಿಕ್ಕಿದ ದಿನ ಹೆಂಡತಿ ಬೆಂಚಿನ ಮೇಲೆ ಕೂತಿದ್ದವರಿಗೆಲ್ಲ ಮೈಸೂರ್ ಪಾಕ್ ಹಂಚಿದಳು. ಮೇಷ್ಟ್ರು ಎರಡು ತಿಂದು, "ಹಾಗಾದ್ರೆ ಇನ್ಮೇಲೆ ನೀವು ಬರೀ ಮಿಲ್ ಓನರ್ರಾ?" ಅಂದರು. "ಡಾಕ್ಟ್ರ ಅಪ್ಪ," ಅಂದೆ. "ಅದು ದೊಡ್ಡ ಪೋಸ್ಟು," ಅಂತ ಮೂರನೆಯದಕ್ಕೆ ಕೈ ಹಾಕಿದರು.

ಮಳೆಗಾಲ ಕಳೆದ ಮೇಲೆ ಒಂದು ದಿನ ಮಗಳು ಫೋನಿಗೆ ಒಂದು ಫೋಟೋ ಕಳಿಸಿದಳು. ಮುದ್ದೆ ಅಗಿದು ತಿಂದಿದ್ದರಲ್ಲ, ಅವರ ಹೊಸ ಲೇಖನದ ಕೊನೆಯ ಪುಟ. ಯಾರು ಯಾರಿಂದ ಏನು ತೆಗೆದುಕೊಂಡೆ ಅಂತ ಹೆಸರುಗಳನ್ನು ಸಾಲಾಗಿ ಹಾಕಿರುವ ಪುಟ. ಎರಡು ಕಡೆ ಮಗಳು ಕೆಂಪು ಗೆರೆ ಎಳೆದಿದ್ದಳು. ಒಂದು ಮಾತ್ರೆಯ ಹಳೇ ಲೇಖನ: ನನ್ನ ಹೆಸರು ಪೂರ್ತಿ, ಅವಳದ್ದು ಒಂದಕ್ಷರ. ಇನ್ನೊಂದು ಅವಳು ಈಚೆಗೆ ಬರೆದದ್ದು: ಅವಳ ಹೆಸರು ಪೂರ್ತಿ, ನನ್ನದು ಒಂದಕ್ಷರ. ನಡುವೆ ನಾನು ಓದಲಾರದ ಹೆಸರಿನವರು ಬಹಳ ಜನ ನಿಂತಿದ್ದರು.

ಫೋನಿನ ಮೇಲೆ ಹಿಟ್ಟು ಕೂತಿತ್ತು. ಅಂಗಿಗೆ ಒರೆಸಿ ಮತ್ತೆ ನೋಡಿದೆ. ಊಟದ ಕ್ಯಾರಿಯರ್ ತಂದಿದ್ದ ಹೆಂಡತಿ, "ಏನ್ರೀ ಅದು?" ಅಂತ ಬಗ್ಗಿದಳು.

"ಇಲ್ಲಿ ನೋಡು," ಅಂತ ಮಗಳ ಹೆಸರಿನ ಮೇಲೆ ಬೆರಳಿಟ್ಟೆ.

"ನಿಮ್ದೆಲ್ಲಿ?"

"ನಂದಾ?" ಅಂದೆ. "ಅಲ್ಲೇ ಪಕ್ಕದಲ್ಲಿ ಒಂದಕ್ಷರ ಇದೆ ನೋಡು. ಕನ್ನಡಕ ಹಾಕ್ಕೋ."